ಮಾಷ್ಟ್ರು ಓದುವುದು ಬೇಡವೇ?

"ಈ ಪ್ರಾಯದಲ್ಲಿ ನಿಮಗೆ ಎಂತಕ್ಕೆ ಮಾಷ್ಟ್ರೇ ಬಿ.ಎ.?" ಟಿ.ಸಿ.ಎಚ್. ಮುಗಿಸಿ ಕೆಲಸಕ್ಕೆ ಸೇರಿ, ಆಮೇಲೆ ಪುಸ್ತಕ ಹಿಡಿದ ನಾವೆಲ್ಲ ಕೇಳಿಸಿಕೊಂಡ ಮಾತು ಇದು. ಪರೀಕ್ಷೆಗೆ ಹೋದರೆ ಗೇಟಿನಲ್ಲಿ "ಪೋಷಕರು ಹೊರಗೆ ನಿಲ್ಲಿ" ಅಂದದ್ದೂ ಉಂಟು! ನಕ್ಕು ಹಾಲ್ ಟಿಕೆಟ್ ತೋರಿಸಿದೆವು.

ನಗು ಬಾರದ ಸಂಗತಿ ಬೇರೆಯೇ ಇದೆ. 2020ರಲ್ಲಿ ಕೇರಳ ಸರಕಾರ ಕೊಲ್ಲಂನಲ್ಲಿ ಶ್ರೀನಾರಾಯಣಗುರು ಮುಕ್ತ ವಿಶ್ವವಿದ್ಯಾಲಯ ತೆರೆಯಿತು. ನಮ್ಮಂತೆ ದುಡಿಯುತ್ತ ಓದುವವರಿಗೆ ಇದಕ್ಕಿಂತ ಒಳ್ಳೆಯದು ಯಾವುದಿದೆ? ಆದರೆ 2022ರಲ್ಲಿ ಮೊದಲಿಗೆ ಶುರು ಮಾಡಿದ ಬಿ.ಎ.ಗಳನ್ನು ನೋಡಿ: ಮಲಯಾಳಂ, ಇಂಗ್ಲಿಷ್, ಹಿಂದಿ, ಅರಬಿ, ಸಂಸ್ಕೃತ. ಐದು ಭಾಷೆ! ಅವುಗಳ ಮೇಲೆ ನಮ್ಮ ತಕರಾರಿಲ್ಲ. 1969ರ ಭಾಷಾ ಕಾಯಿದೆಯಲ್ಲಿ ತಮಿಳಿನ ಜೊತೆಗೆ ಹೆಸರು ಹೇಳಿ ಒಪ್ಪಿಕೊಂಡ ಕನ್ನಡ ಎಲ್ಲಿ ಸ್ವಾಮಿ?

"ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ಬಿ.ಎ. ಇದೆಯಲ್ಲ" ಎನ್ನುತ್ತಾರೆ. ಇದೆ, ಸಂತೋಷ. ಆದರೆ ಹತ್ತು ಗಂಟೆಗೆ ನಾವು ನಮ್ಮ ಕ್ಲಾಸಿನಲ್ಲಿ ಹಾಜರಿ ಕರೆಯುತ್ತಿರುತ್ತೇವೆ. ಅಲ್ಲಿಗೆ ಹೋಗಿ ಹಾಜರಿ ಹೇಳುವುದು ಹೇಗೆ?

ಇನ್ನು ಕೆಲವರು "ಗಡಿ ದಾಟಿ ಓದಿ" ಎನ್ನುವವರು. ಮೈಸೂರಿನ ಮುಕ್ತ ವಿ.ವಿ.ಗೆ 2012-13ರ ನಂತರ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಹೇಳಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ನಡುವೆ ಸಿಕ್ಕಿಬಿದ್ದವರ ಪಾಡು ಯಾರಿಗೆ ಬೇಕು? 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳಿಗೇ ಮಂಗಳೂರಿಗೆ ಹೋಗಲಾಗಲಿಲ್ಲ, ಮತ್ತೆ ಪರೀಕ್ಷೆಯ ಮಾತೆಲ್ಲಿ... ಪದವಿ ಕೈಗೆ ಬಂದರೂ ಇಲ್ಲಿ ತತ್ಸಮಾನ ಪ್ರಮಾಣಪತ್ರ ಬೇಕು. ನಮ್ಮ ಅರ್ಜಿ ಒಂದು ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಏಳು ತಿಂಗಳು ನಡೆಯಿತು. ಒಂದನೇ ಕ್ಲಾಸಿನ ಮಗು ಅಷ್ಟರಲ್ಲಿ ಓದಲು ಕಲಿಯುತ್ತದೆ!

ಎಂತಕ್ಕೆ ಇಷ್ಟು ಬೊಬ್ಬೆ ಅಂದರೆ, ಪ್ರೈಮರಿಯಿಂದ ಹೈಸ್ಕೂಲಿಗೆ ಹೋಗಬೇಕಾದರೆ ಪದವಿಯೂ ಬಿ.ಎಡ್. ಕೂಡ ಬೇಕು. ಕನ್ನಡ ಬಲ್ಲ ಮಾಷ್ಟ್ರು, ಟೀಚರ್‌ಗಳು ಪದವಿಯಿಲ್ಲದೆ ಕೆಳಗೇ ಉಳಿದರೆ ಮೇಲಿನ ಕ್ಲಾಸಿಗೆ ಬರುವವರು ಯಾರು? ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ತಿಳಿಯದ ಅಧ್ಯಾಪಕರನ್ನು ಕಳಿಸಿದಾಗ ಜಿಲ್ಲೆಯಲ್ಲಿ ಹೆತ್ತವರು, ಮಕ್ಕಳು ಬೀದಿಗಿಳಿದರು. ನಾವೂ ಘೋಷಣೆ ಕೂಗಿದವರೇ. ಆದರೆ ನಮ್ಮ ಕನ್ನಡ ಸಂಘಟನೆಗಳನ್ನು ಒಂದು ಮಾತು ಕೇಳುತ್ತೇವೆ, ಬೇಸರ ಮಾಡಬೇಡಿ. ನವೆಂಬರ್ ಒಂದಕ್ಕೆ 1956ರ ಅನ್ಯಾಯದ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುವ ನೀವು, ಮುಕ್ತ ವಿ.ವಿ.ಯಲ್ಲಿ ಕನ್ನಡ ಬಿ.ಎ. ಬೇಕೆಂದು ಎಷ್ಟು ಸಲ ಬಾಯಿಬಿಟ್ಟಿದ್ದೀರಿ?

ನಾವು ಈ ವಾರ ಶಿಕ್ಷಣ ಸಚಿವರಿಗೆ ಅರ್ಜಿ ಬರೆಯುತ್ತಿದ್ದೇವೆ, ಕನ್ನಡದಲ್ಲೇ. ಅದೇ 1969ರ ಕಾಯಿದೆ ಅದಕ್ಕೆ ಅವಕಾಶ ಕೊಟ್ಟಿದೆ. ಸಹಿ ಹಾಕುವವರು ಶನಿವಾರ ಶಾಲೆಯ ಹತ್ತಿರ ಬನ್ನಿ.