ತಂಡವು ಯಾರನ್ನು ಕಳೆದುಕೊಳ್ಳಲಾರದು?

ಬಾಲಿಕೆಯರ ಹೈಸ್ಕೂಲಿನ ಸ್ಮರಣ ಸಂಚಿಕೆಯಲ್ಲಿ ಫುಟ್‌ಬಾಲಿನ ಪ್ರಸ್ತಾಪವೇಕೆಂದು ಕೆಲವು ತಾಯ್ತಂದೆಗಳು ಕೇಳಬಹುದು. ಆಟದ ಬಯಲಿನಲ್ಲಿ ಕಲಿತ ಪಾಠವು ಮನೆಯ ಅಂಗಳದವರೆಗೂ ಬರುವುದೆಂದು ನಾವು ನಂಬಿರುವೆವಾದ್ದರಿಂದ ಈ ವಿಷಯವನ್ನು ಆರಿಸಿಕೊಂಡಿರುತ್ತೇವೆ. ಹನ್ನೊಂದು ಮಂದಿಯ ತಂಡದಲ್ಲಿ ಯಾರೊಬ್ಬರು ಇಲ್ಲವಾದರೆ ನಷ್ಟವು ಎಲ್ಲಕ್ಕಿಂತ ಹೆಚ್ಚಾದೀತು ಎಂಬುದೇ ಪ್ರಶ್ನೆ.

ಬಹುಮಂದಿ ಗೋಲು ಹೊಡೆಯುವವರನ್ನೇ ಹೆಸರಿಸುವರು. ಈ ಮಾತು ತೀರ ನಿರಾಧಾರವಾದುದಲ್ಲ. ಬೆಂಗಳೂರು ಎಫ್.ಸಿ. ತಂಡದಲ್ಲಿ ಹೆಸರುಗೊಂಡ ಸುನಿಲ್ ಛೇತ್ರಿಯವರು ದೇಶಕ್ಕಾಗಿ 94 ಗೋಲುಗಳನ್ನು ಹೊಡೆದು, 2024 ನೆಯ ಜೂನ್ 6 ರಂದು ಕಲ್ಕತ್ತೆಯಲ್ಲಿ ಕುವೈತಿನ ಎದುರು ಆಡಿ ಭಾರತ ತಂಡದಿಂದ ನಿವೃತ್ತರಾದರು. ಅವರ ಸ್ಥಾನಕ್ಕೆ ತಕ್ಕವರು ದೊರೆಯದೆ, 2025 ನೆಯ ಮಾರ್ಚಿಯಲ್ಲಿ ನಲವತ್ತು ವರುಷದ ಅವರನ್ನೇ ಮರಳಿ ಕರೆಯಬೇಕಾಯಿತು. ಅವರು ಬಂದು ಮಾಲ್ದೀವ್ಸಿನ ಎದುರು ಗೋಲು ಹೊಡೆದರು. ತಂಡವೂ 3-0 ರಿಂದ ಗೆದ್ದಿತು. ಆದರೆ ಇನ್ನೊಂದು ಸಂಗತಿಯನ್ನು ಮರೆಯಬಾರದು. 2024 ರಲ್ಲಿ ಭಾರತವು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಛೇತ್ರಿಯವರು ತಂಡದಲ್ಲಿದ್ದ ಮೊದಲಿನ ತಿಂಗಳುಗಳಲ್ಲಿಯೂ ಗೆಲುವು ಬಂದಿರಲಿಲ್ಲ. ಗೋಲು ಹೊಡೆಯುವವರೊಬ್ಬರಿದ್ದ ಮಾತ್ರಕ್ಕೆ ಸಾಲದೆಂಬುದು ಇದರಿಂದ ತಿಳಿಯುವುದು.

ಸ್ಥಾನವನ್ನು ನೋಡಿ ಹೇಳುವುದಾದರೆ ಗೋಲ್‌ಕೀಪರಿಗೇ ನಮ್ಮ ಮತ. ಆಟದ ನಿಯಮವೂ ಇದನ್ನೇ ಸೂಚಿಸುತ್ತದೆ. ತಂಡದಲ್ಲಿ ಏಳು ಮಂದಿ ಉಳಿದಿದ್ದರೂ ಪಂದ್ಯವು ನಡೆಯಬಹುದು. ಆದರೆ ಅವರಲ್ಲಿ ಒಬ್ಬರು ಗೋಲ್‌ಕೀಪರ್ ಆಗಿರಲೇಬೇಕು. ಫಾರ್ವರ್ಡ್ ಒಬ್ಬಳು ಹೊರಗುಳಿದರೆ ಮಿಕ್ಕವರು ಆ ಭಾರವನ್ನು ಹಂಚಿಕೊಳ್ಳುವರು. ಊರ ಅಗಸೆಯನ್ನು ಕಾಯುವವನ ಕೆಲಸವನ್ನು ಹಾಗೆ ಹಂಚಿಕೊಳ್ಳಲಾಗದು.

2016 ರಲ್ಲಿ ಬೆಂಗಳೂರಿನ ತಂಡಕ್ಕೆ ಇಂಥ ಪರೀಕ್ಷೆಯೇ ಬಂದಿತು. ಕಂಠೀರವ ಕ್ರೀಡಾಂಗಣದಲ್ಲಿ ಜೊಹೋರ್ ತಂಡವನ್ನು 3-1 ರಿಂದ ಸೋಲಿಸಿ, ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೇರಿದ ಮೊದಲ ಭಾರತೀಯ ಕ್ಲಬ್ಬು ಅದಾಯಿತು. ಆದರೆ ಗೋಲ್‌ಕೀಪರ್ ಅಮ್ರಿಂದರ್ ಸಿಂಗರು ನಿಷೇಧದ ಕಾರಣ ಆ ಕೊನೆಯ ಪಂದ್ಯವನ್ನು ಆಡುವಂತಿರಲಿಲ್ಲ. ನವೆಂಬರ್ 5 ರಂದು ದೋಹಾದಲ್ಲಿ ರಾಲ್ತೆಯವರು ಆ ಸ್ಥಾನದಲ್ಲಿ ನಿಂತರು. ಇರಾಕಿನ ತಂಡವು ಒಂದೇ ಗೋಲಿನಿಂದ ಗೆದ್ದಿತು. ಸೋಲನ್ನು ರಾಲ್ತೆಯವರ ಮೇಲೆ ಹೊರಿಸುವುದು ನ್ಯಾಯವಲ್ಲ. ಅಂದು ಬೆಂಗಳೂರಿನವರು ಗೋಲನ್ನೇ ಹೊಡೆಯಲಿಲ್ಲ. ಆ ಸ್ಥಾನಕ್ಕೆ ಅಭ್ಯಾಸವುಳ್ಳ ಎರಡನೆಯವರೊಬ್ಬರು ಸಿದ್ಧರಾಗಿದ್ದರೆಂಬುದೇ ಇಲ್ಲಿ ಗಮನಿಸತಕ್ಕದ್ದು.

ನಮ್ಮ ರಾಯಚೂರು ಸೀಮೆಯು 1956 ರ ವರೆಗೆ ಸೇರಿದ್ದ ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮರು ಇದನ್ನು ಬಲ್ಲವರಾಗಿದ್ದರು. 1962 ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಅವರು ಭಾರತ ತಂಡದ ಶಿಕ್ಷಕರು. ಹಿಂದೆ ನಿಂತು ಕಾಯುವ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಲು, ರಹೀಮರು ಅವರನ್ನು ಮುಂದಿನ ಸಾಲಿನಲ್ಲಿ ಆಡಿಸಿದರು. ದಕ್ಷಿಣ ಕೊರಿಯದ ಎದುರಿನ ಅಂತಿಮ ಪಂದ್ಯದಲ್ಲಿ ಗೋಲು ಹೊಡೆದವರಲ್ಲಿ ಅವರೂ ಒಬ್ಬರು. ಭಾರತವು 2-1 ರಿಂದ ಚಿನ್ನದ ಪದಕವನ್ನು ಗಳಿಸಿತು. ಒಬ್ಬರ ಕೆಲಸವನ್ನು ಇನ್ನೊಬ್ಬರು ಬಲ್ಲ ತಂಡವು ಪೆಟ್ಟು ಬಿದ್ದರೂ ಮುರಿಯದು.

ಆದಕಾರಣ ನಮ್ಮ ಅಭಿಪ್ರಾಯವಿಷ್ಟು: ಯಾರ ಕೆಲಸವನ್ನು ಎರಡನೆಯವರಿಗೆ ಕಲಿಸಿಲ್ಲವೋ ಅವರನ್ನೇ ತಂಡವು ಕಳೆದುಕೊಳ್ಳಲಾರದು. ಸಾಮಾನ್ಯವಾಗಿ ಅವರು ಗೋಲ್‌ಕೀಪರೇ ಆಗಿರುವರು.

ಈಗ ಮನೆಯ ಮಾತಿಗೆ ಬರೋಣ. ಗಬ್ಬೂರಿನ ಸುತ್ತಣ ಹಳ್ಳಿಗಳಲ್ಲಿ ಬಾಲಿಕೆಯರ ತಂಡವು ಆಟಗಾರ್ತಿಯರನ್ನು ಕಳೆದುಕೊಳ್ಳುವುದು ಕಾಲುನೋವಿನಿಂದಲ್ಲ. ಹತ್ತಿ ಬಿಡಿಸುವ ಕಾಲ ಬಂದರೆ ಒಬ್ಬಳು ಹೊಲಕ್ಕೆ ಹೋಗುವಳು. ತಾಯಿ ಹಾಸಿಗೆ ಹಿಡಿದರೆ ಇನ್ನೊಬ್ಬಳು ಒಲೆಯ ಮುಂದೆ ಕೂಡುವಳು. ಮತ್ತೊಬ್ಬಳಿಗೆ ವರನು ಗೊತ್ತಾಗುವನು. ಹೀಗೆ ಹೋದವರೆಲ್ಲರೂ ತರಗತಿಗೆ ಮರಳುವುದಿಲ್ಲ. ಬಡತನದ ಕಷ್ಟವನ್ನು ನಾವು ಅರಿಯದವರಲ್ಲ. ಆದರೂ ಒಂದು ಮಾತು ಕೇಳುತ್ತೇವೆ: ಮನೆಯಲ್ಲಿ ಗಂಡುಮಕ್ಕಳಿರುವಾಗ ಮಗಳೊಬ್ಬಳೇ ಗೋಲ್‌ಕೀಪರ್ ಆಗಿರಬೇಕೇಕೆ? ರೊಟ್ಟಿ ಬಡಿಯುವುದು, ನೀರು ತರುವುದು, ರೋಗಿಯ ಆರೈಕೆ ಇವುಗಳನ್ನು ಅವಳ ಅಣ್ಣತಮ್ಮಂದಿರಿಗೂ ಕಲಿಸಿರಿ. ಎರಡನೆಯ ಕೈ ಸಿದ್ಧವಾದರೆ ಅವಳ ಪುಸ್ತಕವು ಮುಚ್ಚಬೇಕಾಗಿಲ್ಲ. ಹದಿನೆಂಟು ತುಂಬದ ಹುಡುಗಿಯ ಮದುವೆಯನ್ನಂತೂ 2006 ರ ಕಾಯಿದೆಯೇ ನಿಷೇಧಿಸಿರುತ್ತದೆ.

ಪೂರ್ವ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ವಿಜ್ಞಾಪನೆಯುಂಟು. ನಿಮ್ಮ ಓಣಿಯಲ್ಲಿ ಒಂದು ವಾರದಿಂದ ಶಾಲೆಗೆ ಬಾರದ ಹುಡುಗಿಯಿದ್ದರೆ, ಆ ಮನೆಗೆ ಹೋಗಿ ತಾಯಿಯೊಡನೆ ಕುಳಿತು ಮಾತಾಡಿರಿ. ನಾವು ನೂರು ಸಲ ಹೇಳುವುದಕ್ಕಿಂತ ಓದಿ ಬದುಕನ್ನು ಕಟ್ಟಿಕೊಂಡ ನಿಮ್ಮ ಒಂದು ಮಾತಿಗೆ ಬೆಲೆ ಹೆಚ್ಚು. ಶಾಲೆಯಲ್ಲಿ ಪ್ರತಿಯೊಂದು ಸ್ಥಾನಕ್ಕೂ ಇಬ್ಬಿಬ್ಬರನ್ನು ತಯಾರು ಮಾಡುವುದು ನಮ್ಮ ಕರ್ತವ್ಯ. ಆದರೆ ತಂಡದಲ್ಲಿ ಬದಲಿಗೆ ಒಬ್ಬಳು ಸಿಕ್ಕಾಳು. ಬಿಟ್ಟುಹೋದವಳ ಓದಿಗೆ ಬದಲಿಯಿಲ್ಲ.