ಶಾಲಿಗಿಂತ ಮೊದಲು ಪಾಲು

'ಹೌಂಡ್ ಡಾಗ್' ಎಂದೊಡನೆ ನಮಗೆ ನೆನಪಾಗುವುದು ಎಲ್ವಿಸ್ ಪ್ರೀಸ್ಲಿ. ಆದರೆ 1956ರಲ್ಲಿ ಆತ ಅದನ್ನು ಧ್ವನಿಮುದ್ರಿಸುವುದಕ್ಕೆ ನಾಲ್ಕು ವರ್ಷ ಮೊದಲೇ ಅಲಬಾಮಾದ ಕಪ್ಪು ಜನಾಂಗದ ಗಾಯಕಿ ಬಿಗ್ ಮಾಮಾ ಥಾರ್ನ್‌ಟನ್ ಹಾಡಿದ್ದಳು. 1953ರಲ್ಲಿ ಅದು ಅಮೆರಿಕದ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಏಳು ವಾರ ಅಗ್ರಸ್ಥಾನದಲ್ಲಿತ್ತು. ಆಕೆಯೇ ಹೇಳಿಕೊಂಡಂತೆ, ಕೈಗೆ ಬಂದದ್ದು 500 ಡಾಲರುಗಳ ಒಂದು ಚೆಕ್ಕು ಮಾತ್ರ.

ಎಲ್ವಿಸ್ ಕದ್ದನೆಂದು ದೂರುವುದು ಸುಲಭ, ನ್ಯಾಯವಲ್ಲ. ಹಾಡು ಆಕೆಯ ರಚನೆಯೂ ಆಗಿರಲಿಲ್ಲ. ಬರೆದವರು ಲೀಬರ್ ಮತ್ತು ಸ್ಟಾಲರ್ ಎಂಬ ಇಬ್ಬರು ಬಿಳಿಯ ತರುಣರು. ಹಾಡನ್ನು ಮತ್ತೊಬ್ಬರು ಹಾಡಿದಾಗ ರಾಯಧನ ಸಲ್ಲುವುದು ರಚನಕಾರರಿಗೆ, ಪ್ರಕಾಶಕರಿಗೆ. ಆ ಪದಗಳಿಗೆ ಮೊದಲು ಜೀವ ತುಂಬಿದ ಕಂಠಕ್ಕೆ ಬಿಡಿಗಾಸೂ ಇಲ್ಲ. ದೋಷವಿರುವುದು ಈ ಏರ್ಪಾಟಿನಲ್ಲಿ ಎಂದು ನಾವು ಭಾವಿಸುತ್ತೇವೆ. ಬರೆದುದನ್ನು ಸೃಷ್ಟಿಯೆಂದೂ ಹಾಡಿದ್ದನ್ನು ಬರಿಯ ಕೂಲಿಯೆಂದೂ ಎಣಿಸಿದರೆ, ಹಾಡುವವರು ಬಡವರಾಗಿಯೇ ಉಳಿಯುತ್ತಾರೆ.

ಥಾರ್ನ್‌ಟನ್ 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡಳು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಆಕೆಯನ್ನು ಗೌರವಿಸಿದ್ದು 2024ರಲ್ಲಿ. ನಲವತ್ತು ವರ್ಷಗಳ ಅನಂತರ ಹೊದಿಸಿದ ಈ ಶಾಲು ಯಾರ ಚಳಿಯನ್ನು ಕಳೆದೀತು?