ನಿದಾನಕ್ಕೆ ಬೇಕಾದ ನಿಧಾನ

ಕನ್ನಡದಲ್ಲಿ ಒಂದು ಮಹಾಪ್ರಾಣದ ಅಂತರದಲ್ಲಿ ನಿಂತಿರುವ ಎರಡು ಪದಗಳಿವೆ: ನಿದಾನ ಮತ್ತು ನಿಧಾನ. ಮೊದಲನೆಯದು ವೈದ್ಯರ ಪದ. ರೋಗದ ಮೂಲಕಾರಣವನ್ನು ಅರಿಯುವುದೆಂದು ಅದರ ಅರ್ಥ. ‘ಮಾಧವನಿದಾನ’ ಎಂಬ ಆಯುರ್ವೇದ ಗ್ರಂಥ ಪೂರ್ತಿಯಾಗಿ ಈ ಒಂದು ವಿದ್ಯೆಗೇ ಮೀಸಲಾದದ್ದು. ಎರಡನೆಯದು ಎಲ್ಲರ ಬಾಯಲ್ಲಿರುವ ಪದ. ಅವಸರವಿಲ್ಲದಿರುವುದೆಂದು ಅದರ ಅರ್ಥ. ಹಳೆಯ ಕಾರೊಂದನ್ನು ಇಟ್ಟುಕೊಂಡು ಸಂಸಾರ ತೂಗಿಸುವವರಿಗೆ ಒಂದನ್ನು ಬಿಟ್ಟು ಇನ್ನೊಂದು ದಕ್ಕುವುದಿಲ್ಲ. ನಮ್ಮ ಗ್ಯಾರೇಜುಗಳಲ್ಲಿ, ಮನೆಗಳಲ್ಲಿ, ಸರಕಾರದ ನಿಯಮಗಳಲ್ಲಿ ಈಗ ಕೊರತೆಯಾಗಿರುವುದು ಈ ಎರಡೇ ಎಂಬುದು ನನ್ನ ಅಭಿಪ್ರಾಯ.

ನಾಗಪುರದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದು ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಎದುರಾಗುವ ಪ್ರಶ್ನೆ. ಮಕ್ಕಳಿಗೆ ರಜೆ ಬಂದಿರುತ್ತದೆ, ಊರಿಗೆ ಹೋಗಬೇಕು. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಹೈದರಾಬಾದ್, ಕರ್ನೂಲು, ಅನಂತಪುರಗಳನ್ನು ದಾಟಿ ಬೆಂಗಳೂರು ಸೇರಲು ಸುಮಾರು 1,100 ಕಿಲೋಮೀಟರ್. ಮೇ ಕೊನೆಯ ವಾರ ಸೂರ್ಯ ರೋಹಿಣಿ ನಕ್ಷತ್ರವನ್ನು ಹೊಕ್ಕಾಗ ನಮ್ಮ ಊರುಗಳಲ್ಲಿ ರೋಹಿಣಿ ಮಳೆಯ ಮಾತು. ಅದೇ ರೋಹಿಣಿಯ ಮೊದಲ ಒಂಬತ್ತು ದಿನಗಳನ್ನು ವಿದರ್ಭದವರು ‘ನೌತಪಾ’ ಎಂದು ಕರೆಯುತ್ತಾರೆ. ಆಗ ಇಲ್ಲಿ ಉಷ್ಣಾಂಶ 45 ಡಿಗ್ರಿ ಮುಟ್ಟುವುದು, ದಾಟುವುದು ಹೊಸದೇನಲ್ಲ. ಹದಿನೈದು ವರ್ಷದ ಕಾರಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇರಲಾರದು. ಹಿಂದಿನ ಸೀಟಿನಲ್ಲಿ ವೃದ್ಧರೂ ಮಕ್ಕಳೂ ಕುಳಿತಿರುವಾಗ ನೆರಳಿಲ್ಲದ ಹೆದ್ದಾರಿಯ ಅಂಚಿನಲ್ಲಿ ಕಾರು ನಿಂತರೆ, ಅದು ಬರಿಯ ಯಂತ್ರದ ಸಮಸ್ಯೆಯಾಗಿ ಉಳಿಯುವುದಿಲ್ಲ.

ಎಂಜಿನ್ ಕಾಯುವ ದೋಷವನ್ನೇ ಮೊದಲು ನೋಡೋಣ. ‘ಗಾಡಿ ಬಿಸಿಯಾಗುತ್ತದೆ’ ಎಂದು ಹೇಳಿದರೆ ಜ್ವರವಿದೆ ಎಂದು ಹೇಳಿದಷ್ಟೇ ಆಯಿತು. ಯಾವಾಗ ಬಿಸಿಯಾಗುತ್ತದೆ ಎಂಬುದರಲ್ಲಿ ಅರ್ಧ ಉತ್ತರವಿದೆ. ಸೀತಾಬರ್ಡಿಯ ವಾಹನದಟ್ಟಣೆಯಲ್ಲಿ ಬಿಸಿಯಾಗಿ, ವರ್ಧಾ ರಸ್ತೆಗೆ ಬಂದು ವೇಗ ಹಿಡಿದೊಡನೆ ತಣ್ಣಗಾದರೆ ಸಂಶಯ ಫ್ಯಾನಿನ ಮೇಲೆ. ನಿಂತಾಗ ಗಾಳಿ ಒದಗಿಸಬೇಕಾದದ್ದು ಅದು. ಓಡುವಾಗ ಗಾಳಿ ತಾನೇ ಬರುತ್ತದೆ. ಹಲವು ಕಾರುಗಳಲ್ಲಿ ಎ.ಸಿ. ಹಾಕಿದೊಡನೆ ಅದೇ ಫ್ಯಾನು ತಿರುಗಬೇಕು. ಹಾಗೆ ತಿರುಗಿದರೆ ಮೋಟಾರು ಚೆನ್ನಾಗಿದೆ. ದೋಷವಿರುವುದು ತಾಪವನ್ನು ಗ್ರಹಿಸುವ ಸ್ವಿಚ್ಚಿನಲ್ಲಿ, ರಿಲೇಯಲ್ಲಿ ಅಥವಾ ತಂತಿಯಲ್ಲಿ. ಇದಕ್ಕೆ ವಿರುದ್ಧವಾಗಿ, ಊರೊಳಗೆ ಸರಿಯಿದ್ದು ಹೆದ್ದಾರಿಯಲ್ಲಿ ಬಿಸಿಯಾದರೆ ನೀರಿನ ಹರಿವಿಗೆ ಎಲ್ಲೋ ತಡೆಯಿದೆ. ವರ್ಷಗಟ್ಟಲೆ ಕೂಲೆಂಟ್ ಬದಲು ಗಡಸು ನೀರನ್ನೇ ಸುರಿದ ರೇಡಿಯೇಟರಿನ ಒಳಗೆ, ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವಂಥ ಸುಣ್ಣವೇ ಕಟ್ಟಿರುತ್ತದೆ. ಅರ್ಧಕ್ಕೆ ಸಿಕ್ಕಿಕೊಂಡ ಥರ್ಮೋಸ್ಟಾಟ್, ಸವೆದ ವಾಟರ್ ಪಂಪುಗಳೂ ಇದೇ ಸಾಲಿನವು. ಇವೆಲ್ಲಕ್ಕೂ ಮೊದಲು ನೋಡಬೇಕಾದದ್ದು ರೇಡಿಯೇಟರಿನ ಮುಚ್ಚಳ. ಒತ್ತಡವನ್ನು ಹಿಡಿದಿಟ್ಟು ನೀರು ನೂರು ಡಿಗ್ರಿಗೇ ಕುದಿಯದಂತೆ ಕಾಯುವುದು ಅದರ ಸ್ಪ್ರಿಂಗು. ಅದು ಸೋತರೆ ಉಳಿದೆಲ್ಲವೂ ಸರಿಯಿದ್ದರೂ ನೀರು ಉಕ್ಕುತ್ತದೆ. ಎಂಜಿನ್ ಬಿಸಿಯಾಗಿರುವಾಗ ಆ ಮುಚ್ಚಳವನ್ನು ತೆರೆಯಬಾರದೆಂಬುದನ್ನು ಮನೆಯವರೆಲ್ಲರೂ ತಿಳಿದಿರಬೇಕು.

ಈಗ ರೂಢಿಯಲ್ಲಿರುವ ಚಿಕಿತ್ಸೆಯನ್ನು ನೋಡಿ. ಬಿಸಿ ಪ್ರದೇಶಗಳ ಗ್ಯಾರೇಜುಗಳಲ್ಲಿ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತೆಸೆಯುವ ಅಭ್ಯಾಸ ಹಳೆಯದು. ‘ನಮ್ಮ ಊರಿನ ಬಿಸಿಲಿಗೆ ಇದೇಕೆ’ ಎಂಬ ತರ್ಕ. ವಾಲ್ವ್ ಹೋದ ಮೇಲೆ ಮುಳ್ಳು ಕೆಳಗಿಳಿಯುತ್ತದೆ, ಮಾಲೀಕರಿಗೆ ಸಮಾಧಾನವಾಗುತ್ತದೆ. ಆದರೆ ಚಳಿಗಾಲದಲ್ಲಿ ಎಂಜಿನ್ ತನಗೆ ತಕ್ಕ ಬಿಸಿಗೆ ಏರುವುದೇ ಇಲ್ಲ. ಪೆಟ್ರೋಲು ಹೆಚ್ಚು ಸುಡುತ್ತದೆ, ಒಳಭಾಗಗಳು ಬೇಗ ಸವೆಯುತ್ತವೆ. ಸುಣ್ಣ ಕಟ್ಟಿದ ರೇಡಿಯೇಟರು ಹಾಗೆಯೇ ಉಳಿದು ಮುಂದಿನ ಮೇ ತಿಂಗಳಿಗಾಗಿ ಕಾಯುತ್ತದೆ. ರೋಗವನ್ನು ಬಿಟ್ಟು ಲಕ್ಷಣವನ್ನು ಅಡಗಿಸಿದರೆ ಆಗುವುದು ಇದೇ.

ಬೆಳಿಗ್ಗೆ ಕಾರು ಚಾಲೂ ಆಗದಿದ್ದಾಗಲೂ ಇದೇ ಅವಸರ. ಹತ್ತರಲ್ಲಿ ಎಂಟು ಮಂದಿ ಹೊಸ ಬ್ಯಾಟರಿಯ ಮಾತೆತ್ತುತ್ತಾರೆ. ಬ್ಯಾಟರಿಯನ್ನು ನಾಗಪುರದ ಬೇಸಿಗೆ ಸೊರಗಿಸುತ್ತದೆ, ಅದರ ದೌರ್ಬಲ್ಯವನ್ನು ಡಿಸೆಂಬರಿನ ಚಳಿ ಬಯಲು ಮಾಡುತ್ತದೆ ಎಂಬುದು ನಿಜ. ಆದರೂ ತೀರ್ಪಿಗೆ ಮೊದಲು ಒಂದು ವಿಚಾರಣೆ ನಡೆಯಬೇಕು. ಹೆಡ್‌ಲೈಟ್ ಹಚ್ಚಿ ಕೀಲಿ ತಿರುಗಿಸಿ. ದೀಪ ಪೂರ್ತಿ ಮಂಕಾದರೆ ಬ್ಯಾಟರಿಯಲ್ಲಿ ಶಕ್ತಿಯಿಲ್ಲ ಅಥವಾ ಅದರ ಟರ್ಮಿನಲ್ಲುಗಳು ಬಿಳಿ-ಹಸಿರು ಕಿಲುಬು ಹಿಡಿದಿವೆ. ದೀಪ ಹಾಗೆಯೇ ಉರಿಯುತ್ತಿದ್ದು ಎಂಜಿನ್ ಮಾತ್ರ ಅಲುಗದಿದ್ದರೆ ಸ್ಟಾರ್ಟರ್ ಮೋಟಾರನ್ನೋ ಅದರ ತಂತಿಯನ್ನೋ ನೋಡಬೇಕು. ಮೋಟಾರು ಚುರುಕಾಗಿ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಬ್ಯಾಟರಿ ನಿರಪರಾಧಿ. ಕಿಡಿ ಅಥವಾ ಪೆಟ್ರೋಲು, ಎರಡರಲ್ಲೊಂದು ತಲುಪುತ್ತಿಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಇನ್ನೂ ಸ್ಪಷ್ಟವಾಗಿ ಮಾತನಾಡುತ್ತದೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಅದು ತುಂಬಿದೆ. ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇದ್ದರೆ ಆಲ್ಟರ್ನೇಟರು ತನ್ನ ಕೆಲಸ ಮಾಡುತ್ತಿದೆ. ಓಡುವಾಗಲೂ ಮುಳ್ಳು ಏರದಿದ್ದರೆ ಹೊಸ ಬ್ಯಾಟರಿ ಹಾಕಿಸಿಯೂ ಫಲವಿಲ್ಲ. ಅದೂ ಕೆಲವೇ ದಿನಗಳಲ್ಲಿ ಬರಿದಾಗುತ್ತದೆ.

ಹೊಗೆಯ ಬಣ್ಣಕ್ಕೂ ಒಂದು ಭಾಷೆಯಿದೆ. ಕಪ್ಪು ಹೊಗೆ ಎಂದರೆ ಪೆಟ್ರೋಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ. ಏರ್ ಫಿಲ್ಟರಿನಿಂದ ಹುಡುಕಾಟ ಆರಂಭವಾಗಲಿ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬೆಳಗಿನ ಮೊದಲ ಕ್ಷಣ ಮಾತ್ರ ಕಾಣಿಸಿದರೆ ವಾಲ್ವ್ ಸೀಲುಗಳು ಸವೆದಿರಬಹುದು, ಅಷ್ಟು ದೊಡ್ಡ ಖರ್ಚಲ್ಲ. ಆ್ಯಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗುಗಳ ಕಾಲ ಮುಗಿದಿದೆ. ಎಂಜಿನ್ ಕಾದ ಮೇಲೂ ನಿಲ್ಲದ, ಸಿಹಿವಾಸನೆಯ ಬಿಳಿ ಹೊಗೆ ಬಂದರೆ ಕೂಲೆಂಟ್ ಎಂಜಿನ್ನಿನ ಉರಿಯೊಳಗೆ ಸೇರುತ್ತಿದೆ ಎಂದೇ ತಿಳಿಯಬೇಕು; ಹೆಡ್ ಗ್ಯಾಸ್ಕೆಟ್ ನೋಡದೆ ಪ್ರಯಾಣಕ್ಕೆ ಹೊರಡಬಾರದು. ಸದ್ದುಗಳೂ ಹೀಗೆಯೇ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಮುಂದೆ ಚಲಿಸುವಾಗ ಮಾತ್ರ ಟಕಟಕ ಎಂದರೆ ಮುಂಚಕ್ರದ ಆ್ಯಕ್ಸಲ್ ಜಾಯಿಂಟ್. ಒಂದು ನಿರ್ದಿಷ್ಟ ವೇಗದಲ್ಲಷ್ಟೇ ಸ್ಟೀರಿಂಗ್ ನಡುಗಿದರೆ ಚಕ್ರಗಳ ಬ್ಯಾಲೆನ್ಸಿಂಗ್. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್.

ಹೊಸ ತಂತ್ರಜ್ಞಾನ ಬಂದ ಮೇಲೆ ಈ ವಿದ್ಯೆ ಬೇಡವಾಯಿತೆಂದು ತಿಳಿದವರಿದ್ದಾರೆ. ಸ್ಕ್ಯಾನರ್ ಚುಚ್ಚಿದರೆ ಸಾಕು, ಕಾರೇ ತನ್ನ ಕಾಯಿಲೆ ಹೇಳಿಕೊಳ್ಳುತ್ತದೆ ಎನ್ನುತ್ತಾರೆ. ಅದು ಹೇಳುವುದು ಲಕ್ಷಣವನ್ನು ಮಾತ್ರ. ಉದಾಹರಣೆಗೆ ಪಿ0171 ಎಂಬ ಸಂಕೇತಕ್ಕೆ ‘ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು’ ಎಂದಷ್ಟೇ ಅರ್ಥ. ಬಿರಿದ ರಬ್ಬರ್ ಕೊಳವೆಯಿಂದ ಗಾಳಿ ನುಗ್ಗುತ್ತಿರಬಹುದು, ಪೆಟ್ರೋಲ್ ಪಂಪು ದುರ್ಬಲವಾಗಿರಬಹುದು, ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿರಬಹುದು. ಇವೊಂದನ್ನೂ ನೋಡದೆ ಸಾವಿರಾರು ರೂಪಾಯಿಯ ಆಕ್ಸಿಜನ್ ಸೆನ್ಸರ್ ಬದಲಿಸಿದರೆ, ಸುದ್ದಿ ತಂದವನನ್ನೇ ಶಿಕ್ಷಿಸಿದಂತೆ. ಹಿಂದೆ ಪ್ರೀಮಿಯರ್ ಪದ್ಮಿನಿಯೋ ಅಂಬಾಸಿಡರೋ ಮಧ್ಯಾಹ್ನದ ಬಿಸಿಲಲ್ಲಿ ನಿಂತುಬಿಟ್ಟರೆ ಚಾಲಕರು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಪೆಟ್ರೋಲು ಕೊಳವೆಯಲ್ಲೇ ಆವಿಯಾದರೆ ಪಂಪು ಅದನ್ನು ತಳ್ಳಲಾರದು. ತಣಿಸಿದರೆ ಮತ್ತೆ ದ್ರವವಾಗುತ್ತದೆ. ಆ ಒದ್ದೆ ಬಟ್ಟೆಯ ಹಿಂದೆ ಒಂದು ಸರಿಯಾದ ನಿದಾನವಿತ್ತು.

ನಿದಾನದಲ್ಲಿ ಪೆಟ್ರೋಲಿನ ಸ್ವರೂಪವನ್ನೂ ಈಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ. 2014ರಲ್ಲಿ ನಾಗಪುರದ ಬೀದಿಗಳಲ್ಲಿ ಎಥೆನಾಲಿನಿಂದ ಓಡುವ ಬಸ್ಸನ್ನು ಪ್ರಯೋಗಕ್ಕೆ ಇಳಿಸಿದಾಗ ಅದೊಂದು ಕುತೂಹಲ ಮಾತ್ರವಾಗಿತ್ತು. ಈಗ ದೇಶದ ಬಂಕುಗಳಲ್ಲೆಲ್ಲ ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ಸಿಗುತ್ತಿದೆ. ಇದಕ್ಕೆಂದು ರೂಪಿಸದ ಕಾರುಗಳಲ್ಲಿ ಮೈಲೇಜು ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುತ್ತಿದ್ದ ಕಾರು ಹದಿನಾಲ್ಕಕ್ಕೆ ಇಳಿದರೆ ಅದು ಕಾರಿನ ಕಾಯಿಲೆಯಲ್ಲ. ಇದನ್ನರಿಯದೆ ಇಂಜೆಕ್ಟರ್ ತೊಳೆಸುವವರು, ಪ್ಲಗ್ ಬದಲಿಸುವವರು ಆರೋಗ್ಯವಂತನಿಗೆ ಔಷಧ ಕುಡಿಸುತ್ತಿದ್ದಾರೆ. ಹಳೆಯ ಕಾರಿನ ಪೆಟ್ರೋಲ್ ಕೊಳವೆಗಳನ್ನು, ರಬ್ಬರ್ ಭಾಗಗಳನ್ನು ಆಗಾಗ ಬಗ್ಗಿ ನೋಡುವುದು, ತಿಂಗಳುಗಟ್ಟಲೆ ಕಾರನ್ನು ನಿಲ್ಲಿಸದಿರುವುದು ಇವು ಮಾತ್ರ ಈಗ ಹಿಂದಿಗಿಂತ ಅಗತ್ಯ.

ಆದರೆ ನಿಧಾನ ಎಲ್ಲ ಕಡೆಗೂ ಸಲ್ಲುವುದಿಲ್ಲ. ಕೆಲವು ಭಾಗಗಳ ವಿಷಯದಲ್ಲಿ ಸಂಶಯ ಬಂದರೆ ಸಾಕು, ಬದಲಿಸಬೇಕು. ಒತ್ತಿ ಹಿಡಿದ ಬ್ರೇಕ್ ಪೆಡಲ್ ಮೆಲ್ಲನೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರನ್ನು ನಂಬುವಂತಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತ ಬರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ. ಟೈಮಿಂಗ್ ಬೆಲ್ಟ್ ತುಂಡಾಗುವ ಮುನ್ನ ಎಚ್ಚರಿಕೆ ಕೊಡುವುದು ಅಪರೂಪ. ತಯಾರಕರು ಹೇಳಿದ ದೂರ ಮುಗಿದೊಡನೆ ಅದು ಹೋಗಬೇಕು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳ ಜನ್ಮಪತ್ರಿಕೆಯಿರುತ್ತದೆ: 2318 ಎಂದಿದ್ದರೆ 2018ರ ಇಪ್ಪತ್ತಮೂರನೆಯ ವಾರ. ಗುಂಡಿಗಳು ಎಷ್ಟೇ ಆಳವಾಗಿ ಕಂಡರೂ ಮುಪ್ಪಾದ ರಬ್ಬರು ಒಳಗೇ ಬಿರಿದಿರುತ್ತದೆ. ನಾಗಪುರದಿಂದ ಮುಂಬಯಿಗೆ 701 ಕಿಲೋಮೀಟರ್ ಹಬ್ಬಿರುವ ಸಮೃದ್ಧಿ ಮಹಾಮಾರ್ಗದ ಕಾದ ಕಾಂಕ್ರೀಟಿನ ಮೇಲೆ ಅಂಥ ಟೈರುಗಳಲ್ಲಿ ವೇಗವಾಗಿ ಹೋಗುವುದು ಮಿತವ್ಯಯವಲ್ಲ, ದುಸ್ಸಾಹಸ. ಯಾವುದನ್ನು ಹುಡುಕಿ ಸರಿಪಡಿಸಬೇಕು, ಯಾವುದನ್ನು ಪ್ರಶ್ನಿಸದೆ ಬದಲಿಸಬೇಕು ಎಂಬ ವಿವೇಕವೂ ನಿದಾನದ ಭಾಗವೇ.

ಇನ್ನು ಸರಕಾರದ ಮಾತು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ತಪಾಸಣೆಯ ನಂತರ ಐದು ವರ್ಷ ನವೀಕರಿಸಬಹುದು. 2022ರ ಏಪ್ರಿಲ್ 1ರಿಂದ ಈ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಅದು 10,000 ರೂಪಾಯಿಯಾಯಿತು. 2021ರ ಆಗಸ್ಟಿನಲ್ಲಿ ಆರಂಭವಾದ ಗುಜರಿ ನೀತಿ ವಾಹನದ ಯೋಗ್ಯತೆಯನ್ನೇ ಮಾನದಂಡವೆಂದು ಹೇಳುತ್ತದೆ. ಅದು ಸರಿಯಾದ ತತ್ತ್ವ. ಆದರೆ ದೆಹಲಿ ಪ್ರದೇಶದಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ವಾಹನಗಳಿಗೆ 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ನಿಷೇಧ ವಯಸ್ಸನ್ನೇ ಅಪರಾಧವಾಗಿಸಿತು. ಅದರ ಜಾರಿಯ ಕುರಿತ ವಾದ ವಿವಾದಗಳು ಅನಂತರವೂ ಮುಂದುವರಿದವು. ಜನ್ಮದಿನಾಂಕ ನೋಡಿ ಬರೆಯುವ ಮರಣಪತ್ರ ನಿದಾನವಲ್ಲ. ಶುಲ್ಕವನ್ನು ಏರಿಸುವ ಬದಲು ತಪಾಸಣೆಯನ್ನು ನಿಜವಾದ ತಪಾಸಣೆಯಾಗಿಸಬೇಕು: ಬ್ರೇಕನ್ನು ಅಳೆಯಬೇಕು, ಹೊಗೆಯನ್ನು ಅಳೆಯಬೇಕು, ತಳದ ತುಕ್ಕನ್ನು ನೋಡಬೇಕು, ಕಂಡ ದೋಷಗಳನ್ನು ಬರೆದುಕೊಡಬೇಕು.

ಎದುರು ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. 1983ರ ಡಿಸೆಂಬರ್ 14ರಂದು ಮೊದಲ ಕೀಲಿಕೈ ಹಸ್ತಾಂತರವಾದ ಮಾರುತಿ 800 ಒಂದು ಪೀಳಿಗೆಗೆ ಸ್ಕೂಟರಿನಿಂದ ಕಾರಿಗೆ ಏರುವ ಮೆಟ್ಟಿಲಾಯಿತು. ಆದರೆ ಅದರಲ್ಲಿ ಏರ್‌ಬ್ಯಾಗ್ ಇರಲಿಲ್ಲ, ಎ.ಬಿ.ಎಸ್. ಇರಲಿಲ್ಲ. 2020ರ ನಂತರದ ಬಿ.ಎಸ್. 6 ಕಾರಿನಷ್ಟು ಶುದ್ಧವಾಗಿ ಕಾರ್ಬ್ಯುರೇಟರ್ ಕಾಲದ ಯಾವ ಎಂಜಿನ್ನೂ ಉಸಿರಾಡದು. ಚಾಸಿ ತುಕ್ಕು ಹಿಡಿದು ಲಡ್ಡಾಗಿರುವ, ಸದಾ ನೀಲಿ ಹೊಗೆಯುಗುಳುವ ಕಾರನ್ನು ಮಮತೆಯಿಂದ ಉಳಿಸಿಕೊಳ್ಳುವುದು ಊರಿಗೆ ಮಾಡುವ ಅನ್ಯಾಯ. ಅಂಥದ್ದಕ್ಕೆ ವಿದಾಯ ಹೇಳುವ ನಿರ್ಧಾರವೂ ಪರೀಕ್ಷೆಯಿಂದ ಬರಬೇಕು, ಬೇಸರದಿಂದ ಅಲ್ಲ.

ನಾವು ಮಾಡಬಹುದಾದದ್ದು ಎರಡು. ಕಾರಿಗೊಂದು ನೋಟುಬುಕ್ ಇರಲಿ: ಯಾವ ದಿನ, ಎಷ್ಟು ಕಿಲೋಮೀಟರಿಗೆ, ಏನು ಬದಲಾಯಿತು, ಯಾವ ಸದ್ದು ಯಾವಾಗ ಕೇಳಿತು ಎಂಬುದೆಲ್ಲ ಅದರಲ್ಲಿರಲಿ. ‘ಏನೋ ಸದ್ದು ಬರುತ್ತದೆ’ ಎನ್ನುವ ಬದಲು ‘ಎಡಕ್ಕೆ ತಿರುಗಿಸುವಾಗ ಮಾತ್ರ, ತಣ್ಣಗಿರುವಾಗ ಮಾತ್ರ’ ಎಂದು ಹೇಳಬಲ್ಲ ಮಾಲೀಕ ಮೆಕ್ಯಾನಿಕ್ಕಿನ ಅರ್ಧ ದಿನವನ್ನು ಉಳಿಸುತ್ತಾನೆ. ಎರಡನೆಯದು ಇದಕ್ಕಿಂತ ಮುಖ್ಯ: ದೋಷ ಹುಡುಕಿದ್ದಕ್ಕೆ ಹಣ ಕೊಡಬೇಕು. ಒಂದು ತಾಸು ಬಾನೆಟ್ಟಿನೊಳಗೆ ತಲೆಯಿಟ್ಟು, ಸಡಿಲವಾಗಿದ್ದ ಒಂದು ಅರ್ಥ್ ತಂತಿಯನ್ನು ಬಿಗಿಗೊಳಿಸಿದವನಿಗೆ ‘ಏನೂ ಹಾಕಲಿಲ್ಲವಲ್ಲ’ ಎಂದು ನಾವು ಕೈಬೀಸಿ ಹೊರಡುತ್ತೇವೆ. ಐದು ಸಾವಿರದ ಬಿಡಿಭಾಗ ತೋರಿಸಿದವನಿಗೆ ಚಕಾರವೆತ್ತದೆ ತೆರುತ್ತೇವೆ. ಅವನಿಗೂ ಸಂಸಾರವಿದೆ. ಯೋಚಿಸುವುದಕ್ಕೆ ಕೂಲಿ ಹುಟ್ಟದಿದ್ದರೆ ಅವನು ಬದಲಿಸುವುದನ್ನೇ ಕಲಿಯುತ್ತಾನೆ, ಅವನ ಶಿಷ್ಯನೂ ಅದನ್ನೇ ಕಲಿಯುತ್ತಾನೆ. ಹಳೆಯ ಕಾರುಗಳಿಗೆ ಬಿಡಿಭಾಗಗಳು ಇನ್ನೂ ಹಲವು ವರ್ಷ ಸಿಗುತ್ತವೆ. ಕೇಳಿ, ಮುಟ್ಟಿ, ಕಾದು, ಕಾರಣ ಹೇಳಬಲ್ಲ ಮೆಕ್ಯಾನಿಕ್ ಅಷ್ಟು ಕಾಲ ಉಳಿಯುವನೇ ಎಂಬುದು ನಾವು ಯಾವುದಕ್ಕೆ ಬೆಲೆ ಕೊಡುತ್ತೇವೆ ಎಂಬುದರ ಮೇಲೆ ನಿಂತಿದೆ.